ಜುಗೂಳಕ್ಕೆ ಸುತ್ತು ದಾರಿ

ನಾನು ಮಳೆಗೆ ಹೆದರುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುತ್ತ ಹೋದಂತೆ ನಿಮಗೆ ಬೇರೆ ಅನುಮಾನ ಬರಬಹುದು. ಮೂವತ್ತೊಂದು ವರ್ಷ ನಿಪ್ಪಾಣಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದವಳು ನಾನು. ಜುಲೈ ತಿಂಗಳ ಜಿಟಿಜಿಟಿಯಲ್ಲಿ ಖೋ ಖೋ ಆಡಿಸಿ, ಕೆಸರಿನಲ್ಲಿ ಬಿದ್ದವರನ್ನು ಸೀಟಿ ಊದಿ ಎಬ್ಬಿಸಿ ಮತ್ತೆ ಓಡಿಸಿದ್ದೇನೆ. ಇಂಥವಳು ನಿವೃತ್ತಿಯಾದ ಮೇಲೆ ವರ್ಷಕ್ಕೊಮ್ಮೆ ಸೈಕಲ್ ಹತ್ತಿ ನಾಲ್ಕೈದು ದಿನ ಊರೂರು ತಿರುಗಿದರೆ ಆಶ್ಚರ್ಯವೇನಿಲ್ಲ. ಆಶ್ಚರ್ಯಪಡುವವರು ಪಡಲಿ. ನಮ್ಮ ಮನೆಯವರಂತೂ ನನ್ನನ್ನು ತಡೆಯುವ ಪ್ರಯತ್ನವನ್ನು ಮದುವೆಯಾದ ಎರಡನೇ ವರ್ಷಕ್ಕೇ ಬಿಟ್ಟಿದ್ದಾರೆ.

ಆ ವರ್ಷದ ತಿರುಗಾಟಕ್ಕೆ ಒಂದು ಗುರಿ ಇತ್ತು. ಜುಗೂಳದಲ್ಲಿರುವ ನಮ್ಮ ಅಕ್ಕ ಜೈನರ ದಶಲಕ್ಷಣ ಪರ್ವದ ಹತ್ತೂ ದಿನ ಉಪವಾಸ ಹಿಡಿದಿದ್ದಳು. ಅನ್ನವಿಲ್ಲ, ಹಣ್ಣಿಲ್ಲ, ದಿನಕ್ಕೊಮ್ಮೆ ಕಾಯಿಸಿ ಆರಿಸಿದ ನೀರು, ಅಷ್ಟೇ. ವಯಸ್ಸು ಅರವತ್ತೆಂಟು. ಹತ್ತನೆಯ ದಿನವಾದ ಚತುರ್ದಶಿಗೆ ಉಪವಾಸ ಮುಗಿದು, ಮರುದಿನ ಹುಣ್ಣಿಮೆಯ ಬೆಳಿಗ್ಗೆ ಪಾರಣೆ. ಪಾರಣೆಯ ಮೊದಲ ಗುಟುಕನ್ನು ತವರಿನವರ ಕೈಯಿಂದಲೇ ಕುಡಿಯುವುದು ನಮ್ಮ ಮನೆಯ ಹೆಣ್ಣುಮಕ್ಕಳ ವಾಡಿಕೆ. ಮೊದಲು ಅವ್ವ ಕುಡಿಸುತ್ತಿದ್ದಳು, ಅವಳ ನಂತರ ಅಣ್ಣ ಹೋಗಿ ಕುಡಿಸಿ ಬರುತ್ತಿದ್ದ. ಅಣ್ಣ ತೀರಿಕೊಂಡ ಮೇಲೆ ಅಕ್ಕ ಉಪವಾಸ ಹಿಡಿದದ್ದು ಇದೇ ಮೊದಲು. ತವರು ಅಂತ ಉಳಿದವಳು ನಾನೊಬ್ಬಳೇ.

‘ನಾ ಬರ್ತೀನಿ. ಚತುರ್ದಶಿ ಮಧ್ಯಾಹ್ನಕ್ಕ ನಿನ್ನ ಬಾಗಿಲ ಮುಂದ ನನ್ನ ಸೈಕಲ್ ಬೆಲ್ ಕೇಳಸ್ತೈತಿ ನೋಡು’ ಎಂದು ಫೋನಿನಲ್ಲಿ ಹೇಳಿದ್ದೆ.

‘ಸೈಕಲ್ ಯಾಕಲೇ? ಬಸ್ಸಿಗಿ ಬಾ’ ಎಂದಳು ಅಕ್ಕ.

ಬಸ್ಸಿಗೆ ಹೋಗುವಂತಿರಲಿಲ್ಲ. ಪರ್ವದ ಮೊದಲ ದಿನ ಬಸದಿಯಲ್ಲಿ ಎಲ್ಲರೂ ಒಂದೊಂದು ನೇಮ ಹಿಡಿಯುವಾಗ ನಾನೂ ಎದ್ದು ನಿಂತಿದ್ದೆ. ಮಳೆಗಾಲದಲ್ಲಿ ನೆಲದ ಮೇಲೆಲ್ಲ ಹುಳು ಹುಪ್ಪಡಿ ಹರಿದಾಡುತ್ತವೆ, ಆದ್ದರಿಂದ ನಮ್ಮವರು ಓಡಾಟಕ್ಕೆ ಒಂದು ಗಡಿ ಕಟ್ಟಿಕೊಳ್ಳುತ್ತಾರೆ. ಒಬ್ಬರು ಊರು ಬಿಟ್ಟು ಹೋಗುವುದಿಲ್ಲ ಅಂದರು, ಇನ್ನೊಬ್ಬರು ಓಣಿ ದಾಟುವುದಿಲ್ಲ ಅಂದರು. ನಾನು, ‘ಹತ್ತು ದಿನ ಇಂಜಿನ್ ಇರುವ ಯಾವುದನ್ನೂ ಹತ್ತುವುದಿಲ್ಲ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕಿನ ಆಚೆ ಕಾಲಿಡುವುದಿಲ್ಲ’ ಎಂದೆ. ಬಸದಿಯಲ್ಲಿ ನಗುವೋ ನಗು. ಐದು ತಾಲೂಕನ್ನು ಗಡಿ ಮಾಡಿಕೊಂಡವಳನ್ನು ಅವರು ಅದೇ ಮೊದಲು ನೋಡಿದ್ದು. ಅವರಿಗೇನು ಗೊತ್ತು? ನಿಪ್ಪಾಣಿಯವರಿಗೆ ಮಾತೆತ್ತಿದರೆ ಓಡುವ ಪಕ್ಕದ ಕೊಲ್ಲಾಪುರ ಬಿಟ್ಟಿರುವುದೇ ದೊಡ್ಡ ತಪಸ್ಸು. ನನ್ನ ಮುಂದಿನ ಹಲ್ಲಿನ ಅಳತೆ ಕೊಟ್ಟದ್ದು ಕೊಲ್ಲಾಪುರದಲ್ಲಿ; ಹಲ್ಲು ಕೂರಿಸುವ ದಿನ ಈ ಹತ್ತರೊಳಗೇ ಬಿದ್ದಿತ್ತು. ಅದನ್ನು ಮುಂದೆ ಹಾಕಿ, ಕಿಂಡಿ ಬಿಟ್ಟುಕೊಂಡೇ ಹೊರಟೆ.

ಯೋಜನೆಯನ್ನು ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿದ್ದೆ. ಪೆನ್ನಿನಲ್ಲಿ ಬರೆಯುವವರು ಮಳೆಗಾಲದಲ್ಲಿ ಮನೆಯಲ್ಲೇ ಇರಬೇಕು. ಪರ್ವದ ಏಳನೆಯ ದಿನ ಏಕಸಂಬಿಯ ಮೇಲೆ ಚಿಕ್ಕೋಡಿ. ಎಂಟನೆಯ ದಿನ ರಾಯಬಾಗ. ಒಂಬತ್ತಕ್ಕೆ ಕುಡಚಿಯಲ್ಲಿ ಕೃಷ್ಣೆಯ ಸೇತುವೆ ದಾಟಿ, ಉಗಾರದ ಮೇಲೆ ಕಾಗವಾಡ. ಕೊನೆಯ ಸಾಲು: ‘ಚತುರ್ದಶಿ. ಜುಗೂಳ. ವ್ರತ ಮುಕ್ತಾಯ.’ ಆ ಕೊನೆಯ ಎರಡು ಪದದ ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಮೊದಲನೆಯ ಬದಲಾವಣೆ ನಿಪ್ಪಾಣಿ ಬಿಟ್ಟು ಒಂದು ತಾಸಿನೊಳಗೇ ಬಂತು. ಏಕಸಂಬಿಯ ದಾರಿಯಲ್ಲಿ ಹಳ್ಳ ರಸ್ತೆಗೆ ಬಂದಿದೆ ಎಂದು ಎದುರು ಬಂದ ಹಾಲಿನ ಗಾಡಿಯವನು ಹೇಳಿದ. ನಾನು ನಿಂತು ಯೋಚಿಸಲೂ ಇಲ್ಲ. ಏಕಸಂಬಿ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಹಿಂದಿರುಗಿ ದೊಡ್ಡ ರಸ್ತೆ ಹಿಡಿದು ನೇರ ಚಿಕ್ಕೋಡಿಗೆ ಹೋದೆ. ತಲೆಯ ಮೇಲೆ ಗೊಬ್ಬರದ ಚೀಲವನ್ನು ಮೂಲೆಗೆ ಮೂಲೆ ಮಡಚಿ ಮಾಡಿದ ಕೊಪ್ಪೆ. ಪೇಟೆಯಲ್ಲಿ ಸಿಗುವ ರೇನ್‌ಕೋಟಿನಲ್ಲಿ ಹೊರಗಿನ ಮಳೆ ತಪ್ಪಿದರೂ ಒಳಗಿನ ಬೆವರಿನಲ್ಲಿ ನೆನೆದು ತೊಪ್ಪೆಯಾಗುತ್ತೇವೆ; ಕೊಪ್ಪೆಯಲ್ಲಿ ಗಾಳಿ ಆಡುತ್ತದೆ.

ಹ್ಯಾಂಡಲ್ಲಿಗೆ ನೀರು ಸೋಸುವ ಬಿಳಿ ಅರಿವೆಯನ್ನು ಗಂಟು ಹಾಕಿ ಬಿಟ್ಟಿದ್ದೆ. ನಾವು ಸೋಸದ ನೀರು ಕುಡಿಯುವುದಿಲ್ಲ, ಹೀಗಾಗಿ ಅರಿವೆ ಯಾವಾಗಲೂ ಜೊತೆಗೆ ಬೇಕು. ಆದರೆ ಅದರ ಇನ್ನೊಂದು ಉಪಯೋಗವನ್ನು ನಾನೇ ಕಂಡುಕೊಂಡಿದ್ದೆ. ಅರಿವೆ ಮುಂದಕ್ಕೆ ಹಾರಿದರೆ ಗಾಳಿ ನನ್ನ ಬೆನ್ನಿಗಿದೆ, ಮುಂದಿನ ಊರಿಗೆ ಹೋಗಿಯೇ ಉಣ್ಣಬಹುದು. ನನ್ನ ಎದೆಗೆ ಬಂದು ಬಡಿದರೆ ಗಾಳಿ ಎದುರಿಗಿದೆ, ಇದ್ದಲ್ಲೇ ಉಂಡು ಹೊರಡಬೇಕು. ಪರ್ವದಲ್ಲಿ ನನಗೂ ದಿನಕ್ಕೆ ಒಂದೇ ಊಟ, ಅದೂ ಹೊತ್ತು ಮುಳುಗುವುದರೊಳಗೆ. ಆದ್ದರಿಂದ ಆ ಒಂದು ಊಟವನ್ನು ಎಲ್ಲಿ ಯಾವಾಗ ಮಾಡಬೇಕು ಎಂಬುದೇ ನನ್ನ ದಿನದ ಅತಿ ದೊಡ್ಡ ತೀರ್ಮಾನ. ಮೊದಲ ಎರಡು ದಿನ ಗಾಳಿ ಪಡುವಣದಿಂದ ಬೀಸಿತು, ನಾನು ಮೂಡಣಕ್ಕೆ ಹೋದೆ. ಅರಿವೆ ನನಗಿಂತ ಮುಂದೆ ಹಾರುತ್ತಿತ್ತು.

ರಾಯಬಾಗದಲ್ಲಿ ಬ್ರೇಕಿನ ರಬ್ಬರ್ ಬದಲಿಸಲು ಸೈಕಲ್ ರಿಪೇರಿ ಮಾಡುವ ಒಬ್ಬ ಚಾಚಾನ ಬಳಿ ನಿಂತೆ. ಗಡ್ಡ ಬೆಳ್ಳಗಾದ, ಮಾತು ಕಮ್ಮಿಯ ಮನುಷ್ಯ. ಸೈಕಲ್ಲನ್ನು ಒಂದು ಸುತ್ತು ನೋಡಿ, ನನ್ನ ಹೊಸ ಮಡ್‌ಗಾರ್ಡಿಗೆ ಬೆರಳು ತಟ್ಟಿ, ‘ಇದನ್ನ ಬಿಚ್ಚಿ ಇಲ್ಲೇ ಬಿಟ್ಟು ಹೋಗ್ರಿ ಅಕ್ಕಾರ’ ಎಂದ.

‘ಮಳ್ಯಾಗ ಮಡ್‌ಗಾರ್ಡ್ ಬಿಚ್ಚತಾರೇನ್ರಿ ಯಾರಾದ್ರೂ? ಬೆನ್ನೆಲ್ಲಾ ರಾಡಿ ಆಗ್ತೈತಿ.’

‘ರಾಡಿ ಬೆನ್ನಿಗಿ ಬಿದ್ರ ತೊಳ್ಕೋಬಹುದ್ರಿ. ಎರಿ ಮಣ್ಣು ಮಡ್‌ಗಾರ್ಡ್‌ನಾಗ ಕುಂತ್ರ ಸೈಕಲ್ ಹೊತ್ಕೊಂಡ ಹೋಗಬೇಕಾಗ್ತೈತಿ.’

ನನಗೆ ಕಲಿಸಲು ಬಂದನಲ್ಲ ಎಂದು ಒಳಗೊಳಗೇ ಸಿಟ್ಟು ಬಂತು. ಡಾಂಬರು ರಸ್ತೆ ಬಿಟ್ಟು ಇಳಿಯುವವಳಲ್ಲ ನಾನು ಎಂದು ಹೇಳಿ ಹೊರಟೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ನಮ್ಮ ಕಡೆ ಮಳೆ ಎರಡು ಥರ. ಒಂದು ತಲೆಯ ಮೇಲೆ ಬೀಳುತ್ತದೆ, ಅದಕ್ಕೆ ಕೊಪ್ಪೆ ಸಾಕು. ಇನ್ನೊಂದು ಎಲ್ಲೋ ಘಟ್ಟದಲ್ಲಿ ಬಿದ್ದು, ಮಹಾರಾಷ್ಟ್ರದ ಡ್ಯಾಮು ತುಂಬಿಸಿ, ಎರಡು ದಿನ ಬಿಟ್ಟು ನಮ್ಮ ಕಾಲ ಕೆಳಗೆ ಬರುತ್ತದೆ. ಒಂಬತ್ತನೆಯ ದಿನ ರಾಯಬಾಗ ಬಿಟ್ಟಾಗ ಬಿಸಿಲು ಹೊಳೆಯುತ್ತಿತ್ತು. ಕೊಪ್ಪೆ ಮಡಚಿ ಕ್ಯಾರಿಯರಿಗೆ ಕಟ್ಟಿ, ಹಾಡು ಗುನುಗುತ್ತ ಕುಡಚಿಗೆ ಬಂದರೆ ಸೇತುವೆಗೆ ಅಡ್ಡಲಾಗಿ ಬ್ಯಾರಿಕೇಡು ನಿಂತಿತ್ತು. ಅದರಾಚೆ ರಸ್ತೆಯೇ ಇರಲಿಲ್ಲ. ಕೆಂಪು ನೀರು, ನೀರಿನ ಮೇಲೆ ಕಬ್ಬಿನ ಒಣಗರಿಯ ರವದಿ, ಆ ದಡದಲ್ಲಿ ಉಗಾರದ ಗಿಡಗಳು. ನೆತ್ತಿಯ ಮೇಲೆ ಒಂದು ಮೋಡವೂ ಇಲ್ಲ.

ಬಿಸಿಲಿಗೆ ಛತ್ರಿ ಹಿಡಿದು ಕೂತಿದ್ದ ಪೊಲೀಸಪ್ಪ, ‘ಏನ್ರಿ ಮ್ಯಾಡಮ್, ಎಲ್ಲಿಗಿ ಹೊಂಟ್ರಿ?’ ಎಂದ.

‘ಜುಗೂಳಕ್ಕ.’

‘ಹಂಗಾರ ಚಿಂತಿ ಯಾಕ್ರಿ? ಸ್ಟೇಷನ್ನಿಗಿ ಹೋಗಿ ರೈಲು ಹತ್ರಿ. ರೈಲಿನ ಬ್ರಿಜ್ ಎತ್ತರ ಐತಿ. ಉಗಾರದಾಗ ಇಳದ್ರ ಮುಗೀತು.’

‘ನಾ ಇಂಜಿನ್ ಇದ್ದದ್ದು ಹತ್ತೂದಿಲ್ರಿ. ವ್ರತ ಐತಿ.’

ಅವನು ನನ್ನನ್ನೂ ಸೈಕಲ್ಲನ್ನೂ ಹಲ್ಲಿನ ಕಿಂಡಿಯನ್ನೂ ಸಾವಕಾಶ ನೋಡಿದ. ‘ಹಂಗಾರ ಹಲ್ಯಾಳದ ಬ್ರಿಜ್ಜಿಗಿ ಹೋಗ್ರಿ. ಇವತ್ತಿನ ಮಟ್ಟಿಗಿ ಚಾಲೂ ಐತಿ, ನಾಳಿದು ಗೊತ್ತಿಲ್ಲ. ಅದನ್ನ ದಾಟಿ ಅಥಣಿ, ಅಥಣಿಯಿಂದ ಹೊಳ್ಳಿ ಕಾಗವಾಡ. ಭಾಳ ಸುತ್ತ ಆಗ್ತೈತಿ ನೋಡ್ರಿ.’

ಸುತ್ತು ಅಂದರೆ ಎಂಥ ಸುತ್ತು! ಕಣ್ಣೆದುರು ಕಾಣುವ ದಡಕ್ಕೆ ಮೂಡಣದಿಂದ ಇಡೀ ಒಂದು ತಾಲೂಕು ಬಳಸಿ ಬರಬೇಕು. ಆದರೂ ನನಗೆ ಬೇಸರವಾಗಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಅಥಣಿಯನ್ನು ಮುಂದಿನ ವರ್ಷಕ್ಕೆ ಬಿಟ್ಟಿದ್ದೆ. ಮಳೆಯೇ ಐದನೆಯ ತಾಲೂಕನ್ನೂ ಕೈಗೆ ಕೊಟ್ಟಂತಾಯಿತು. ರೈಲಿನಲ್ಲಿ ಹೋದರೆ ಕಾಲು ಗಂಟೆಯ ಕೆಲಸ, ಆದರೆ ರೈಲು ಯಾರು ಬೇಕಾದರೂ ಹತ್ತುತ್ತಾರೆ. ಸೈಕಲ್ಲನ್ನು ಹಿಂದಕ್ಕೆ ತಿರುಗಿಸಿದೆ.

ಅವಸರದಲ್ಲಿ ಒಂದು ತಪ್ಪು ಮಾಡಿದೆ. ಹಲ್ಯಾಳದ ದಾರಿಯಲ್ಲಿರುವ ಹಾರೂಗೇರಿಯನ್ನು ಬೇಗ ಸೇರಲೆಂದು ಕಬ್ಬಿನ ನಡುವಿನ ಹೊಲದ ದಾರಿಗೆ ಇಳಿದೆ. ನೋಡಲು ಒಣಗಿದಂತಿತ್ತು. ಇನ್ನೂರು ಹೆಜ್ಜೆ ಹೋಗುವುದರೊಳಗೆ ಎರೆ ಮಣ್ಣು ಚಕ್ರಕ್ಕೆ ಅಂಟಿ, ಮಡ್‌ಗಾರ್ಡಿನೊಳಗೆ ಗಿಡಿದುಕೊಂಡು, ಚಕ್ರ ತಿರುಗದೆ ನಿಂತಿತು. ಕಡ್ಡಿಯಿಂದ ಕೆರೆದೆ, ಕೈಯಿಂದ ಕೆರೆದೆ, ಹತ್ತು ಹೆಜ್ಜೆ ನಡೆದರೆ ಮತ್ತೆ ಅದೇ ಹಣೆಬರಹ. ಎಡಬಲಕ್ಕೆ ಆಳೆತ್ತರದ ಕಬ್ಬು, ಕೂಗಿದರೂ ಕೇಳುವವರಿಲ್ಲ. ಕೊನೆಗೆ ಕೆಸರಿನಲ್ಲೇ ಕೂತು ಪಾನಾ ತೆಗೆದು ಎರಡೂ ಮಡ್‌ಗಾರ್ಡ್ ಬಿಚ್ಚಿ ಬೆನ್ನಿಗೆ ಕಟ್ಟಿಕೊಂಡೆ. ರಾಯಬಾಗದ ಚಾಚಾನನ್ನು ಅವತ್ತು ಎಷ್ಟು ಸಲ ನೆನೆದೆನೋ, ಅವನಿಗೆ ಬಿಕ್ಕಳಿಕೆ ಹತ್ತಿರಬೇಕು. ಅಲಖನೂರಿಗೆ ಬರುವಾಗ ಹೊತ್ತು ಇಳಿದಿತ್ತು, ಹಲ್ಯಾಳದ ಮಾತು ಆ ದಿನಕ್ಕೆ ಮುಗಿದಿತ್ತು.

ಅಲಖನೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ನನ್ನ ತಂಡದಲ್ಲಿ ಖೋ ಖೋ ಆಡಿದವಳು, ಈಗ ಕಬ್ಬಿನ ತೋಟದ ಯಜಮಾನತಿ. ನನ್ನ ಅವತಾರ ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ‘ಟೀಚರ್, ನಮಗ ಕೆಸರಾಗ ಬೀಳಿಸಿದ್ದಕ್ಕ ದೇವರು ಈಗ ತೀರಸ್ಕೊಂಡಾನ ನೋಡ್ರಿ’ ಎಂದು ಬಚ್ಚಲಿಗೆ ನೀರು ಇಟ್ಟಳು. ಹೊತ್ತು ಮುಳುಗಲು ಇನ್ನು ಅರ್ಧ ತಾಸು ಇರುವಾಗ ಬಿಸಿ ರೊಟ್ಟಿ, ಹೆಸರುಬೇಳೆ ಬಡಿಸಿದಳು. ಉಂಡು ಅಕ್ಕನಿಗೆ ಫೋನ್ ಹಚ್ಚಿದೆ.

‘ನಾಳಿ ಮಧ್ಯಾಹ್ನಕ್ಕ ಆಗೂದಿಲ್ಲಕ್ಕಾ. ಹುಣ್ಣಿಮಿ ಮುಂಜಾನಿ ಹೊತ್ತು ಏರೂದ್ರಾಗ ಬರ್ತೀನಿ.’

‘ಬಾ. ನೀ ಬರೂತನಕ ನಾ ಬಾಯಿಗಿ ಏನೂ ಹಾಕೂದಿಲ್ಲ’ ಎಂದಳು. ದನಿ ತೆಳ್ಳಗಾಗಿತ್ತು. ನಡುನಡುವೆ ಉಸಿರು ಹಿಡಿದುಕೊಂಡು ಮಾತಾಡುತ್ತಿದ್ದಳು. ಹತ್ತಿರ ಇದ್ದಿದ್ದರೆ ಬೈದುಬಿಡುತ್ತಿದ್ದೆ.

ನಾನು ಹಾಳೆ ಬಿಚ್ಚಿ, ರಬ್ಬರಿನಿಂದ ಕೊನೆಯ ಸಾಲಿನ ‘ಚತುರ್ದಶಿ’ಯನ್ನು ಅಳಿಸಿ ಅದರ ಜಾಗದಲ್ಲಿ ‘ಹುಣ್ಣಿಮೆ’ ಎಂದು ಬರೆದೆ. ಉಳಿದದ್ದು ಹಾಗೇ ಇತ್ತು. ಜುಗೂಳ. ವ್ರತ ಮುಕ್ತಾಯ. ಹಾಳೆ ಮಡಚಿ ನಿಶ್ಚಿಂತೆಯಿಂದ ಮಲಗಿದೆ.

ಚತುರ್ದಶಿಯ ದಿನದ ಮೊದಲ ಅರ್ಧ ನನ್ನ ಜನ್ಮದಲ್ಲೇ ಒಳ್ಳೆಯ ಸವಾರಿ. ಹಲ್ಯಾಳದ ಸೇತುವೆಯ ಕೆಳಗೆ ನೀರು ಗುಮ್ಮೆಂದು ಹೋಗುತ್ತಿತ್ತು, ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಕೃಷ್ಣೆಯ ಮೇಲೆ ಕಣ್ಣು ಹಾಯಿಸದೆ, ಎದುರಿನ ಕಂಬ ನೋಡುತ್ತ ದಾಟಿದೆ. ಆಮೇಲೆ ಬೆನ್ನಿಗೆ ಗಾಳಿ. ಮಡ್‌ಗಾರ್ಡ್ ಇಲ್ಲದ ಸೈಕಲ್ಲು ಹಗುರಾಗಿ ಓಡುತ್ತಿತ್ತು. ಅಥಣಿಯ ಕಡೆ ಮಳೆಯ ಹೆಸರೇ ಇಲ್ಲ. ಅಲ್ಲಿಯ ರೈತರು ಮೋಡ ನೋಡುತ್ತ ನಿಂತಿದ್ದರೆ, ಅತ್ತ ಜುಗೂಳದವರು ನೀರು ನೋಡುತ್ತ ನಿಂತಿದ್ದರು. ನಡುವೆ ಸೈಕಲ್ಲಿನ ಒಂದು ದಿನದ ದಾರಿ ಅಷ್ಟೇ. ಹತ್ತು ಗಂಟೆಗೆಲ್ಲ ಅಥಣಿ ಸೇರಿ, ಬಸದಿಯಲ್ಲಿ ಕೈ ಮುಗಿದು, ಅಲ್ಲಿಯವರು ಪ್ರೀತಿಯಿಂದ ಬಡಿಸಿದ್ದನ್ನು ಉಂಡೆ. ಚತುರ್ದಶಿಗೆ ನಾನೂ ನಿರಾಹಾರ ಇರಬೇಕೆಂದಿದ್ದೆ. ಅದನ್ನು ಬದಲಿಸಿದೆ. ಎದುರು ಗಾಳಿಯಲ್ಲಿ ಬರಿ ಹೊಟ್ಟೆಯಲ್ಲಿ ಪೆಡಲ್ ತುಳಿಯುವುದು ಭಕ್ತಿಯಲ್ಲ, ದಡ್ಡತನ.

ಎದುರು ಗಾಳಿ ಎಂದೆನಲ್ಲ, ಅದು ಅಥಣಿಯಿಂದ ಪಡುವಣಕ್ಕೆ ಮುಖ ಮಾಡಿದ ಕೂಡಲೇ ಸಿಕ್ಕಿತು. ಎರಡೂವರೆ ದಿನ ನನ್ನನ್ನು ನೂಕಿಕೊಂಡು ಬಂದ ಗಾಳಿಯೇ ಈಗ ಎದೆಗೆ ಕೈ ಕೊಟ್ಟು ಹಿಂದೆ ತಳ್ಳತೊಡಗಿತು. ಬಿಳಿ ಅರಿವೆ ನನ್ನ ಮುಖಕ್ಕೇ ಬಂದು ಬಡಿಯುತ್ತಿತ್ತು. ಕಬ್ಬು ಎತ್ತರ ಇದ್ದಲ್ಲಿ ಅದರ ಮರೆಯಲ್ಲಿ ಹೋಗುವುದು, ಬಯಲು ಬಂದಲ್ಲಿ ಇಳಿದು ತಳ್ಳುವುದು, ಟ್ರಕ್ಕು ಬಂದರೆ ಅದರ ಹಿಂದೆ ನಾಲ್ಕು ಮಾರು ಬೆನ್ನಟ್ಟುವುದು, ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಹೊತ್ತು ಮುಳುಗುವಾಗ ಕಾಗವಾಡ ಇನ್ನೂ ದೂರವಿತ್ತು. ರಸ್ತೆಯ ಪಕ್ಕದ ತೋಟದ ಮನೆಯೊಂದರಲ್ಲಿ ಕೇಳಿದೆ. ಮನೆಯ ಹೆಂಗಸು, ‘ಕೇಳೂದೇನ್ರಿ, ಒಳಗ ಬರ್ರಿ’ ಎಂದು ಪಡಸಾಲೆಯಲ್ಲಿ ಚಾಪೆ ಹಾಸಿದಳು.

ಅಷ್ಟರಲ್ಲಿ ಅಕ್ಕನ ಮಗನ ಫೋನ್ ಬಂತು. ಜುಗೂಳದಲ್ಲೇ ಒಕ್ಕಲುತನ ಮಾಡಿಕೊಂಡಿರುವ, ನಲವತ್ತು ದಾಟಿದ ಗಂಡಸು. ಅವನು ಎಂದೂ ದನಿ ಏರಿಸಿ ಮಾತಾಡಿದ್ದು ನಾನು ಕೇಳಿಲ್ಲ.

‘ಮಾವಶಿ, ನಮ್ಮೂರ ರಸ್ತ್ಯಾಗ ನೀರ ಬಂದೈತಿ. ಊರು ಎತ್ತರದಾಗ ಐತಿ, ಮನಿಗೇನೂ ಭಯ ಇಲ್ಲ. ಖರೆ ಅವ್ವಗ ತಲಿ ತಿರಗಾಕತ್ತೈತಿ. ನಾಳಿ ಮುಂಜಾನಿ ಐದಕ್ಕ ಕಾಗವಾಡದಿಂದ ನಮ್ಮ ದೋಸ್ತನ ಜೀಪು ಕಳಸ್ತೀನಿ. ನೀವು ಎಲ್ಲಿ ಅದೀರಿ ಹೇಳ್ರಿ.’

‘ಜೀಪು ಬ್ಯಾಡಪಾ. ನಂದು ವ್ರತ ಐತಿ, ನಿನಗ ಗೊತ್ತೈತಲ್ಲ. ನಾ ಸೈಕಲ್ಲಿಗೇ ಬರ್ತೀನಿ.’

‘ನಿಮ್ಮ ವ್ರತ ನೀವ ಬಲ್ರಿ. ಲಗೂ ಬರ್ರಿ ಅಷ್ಟ. ಅಕಿ ನನ್ನ ಕೈಲೆ ಕುಡಿ ಅಂದ್ರೂ ಒಲ್ಲೆ ಅನ್ನಾಕತ್ತಾಳ.’

ನಾನು ನಾಲ್ಕು ದಿನ ರೈಲು, ಬಸ್ಸು, ಟಂಟಂ ಎಲ್ಲವನ್ನೂ ಬಿಟ್ಟು ಬಂದವಳು. ಕೊನೆಯ ಮೆಟ್ಟಿಲಲ್ಲಿ ಜೀಪು ಹತ್ತಿ ಎಲ್ಲವನ್ನೂ ನೀರಿಗೆ ಹಾಕಲೇ? ಅಕ್ಕನಾದರೂ ಹತ್ತು ದಿನ ಹಟ ಹಿಡಿದು ಕೂತವಳು, ವ್ರತ ಕೆಟ್ಟ ಕೈಯಿಂದ ಮೊದಲ ಗುಟುಕು ಕುಡಿಯುತ್ತಾಳೆಯೇ? ಹೀಗೆ ಲೆಕ್ಕ ಹಾಕಿದೆ. ಲೆಕ್ಕ ಸರಿ ಅನ್ನಿಸಿತು.

ಹುಣ್ಣಿಮೆಯ ಬೆಳಿಗ್ಗೆ ಬೆಳಕು ಹರಿಯುವುದರೊಳಗೆ ಹೊರಟೆ. ಗಾಳಿ ರಾತ್ರಿಯಿಡೀ ನಿದ್ದೆ ಮಾಡಿ ಎದ್ದಿರಬೇಕು, ಹೊಸ ಹುರುಪಿನಲ್ಲಿತ್ತು. ಜೊತೆಗೆ ಮಳೆಯೂ ಬಂತು, ಅಡ್ಡಮಳೆ, ಕೊಪ್ಪೆಯ ಒಳಗೇ ನುಗ್ಗುವ ಮಳೆ. ಏಳಾಯಿತು. ಅಕ್ಕ ಸ್ನಾನ ಮುಗಿಸಿ ಕೂತಿರುತ್ತಾಳೆ. ಎಂಟಾಯಿತು. ಕಾಗವಾಡ ಸೇರುವಾಗ ಒಂಬತ್ತೂವರೆ. ನಾನು ಮೊದಲ ಸಲ ಗಾಬರಿಯಾದದ್ದು ಅಲ್ಲಿ, ಕಾಗವಾಡದ ಬಸ್ ನಿಲ್ದಾಣದ ಮುಂದೆ. ಜೀಪಿನಲ್ಲಿ ಬಂದಿದ್ದರೆ ಅಕ್ಕನ ಪಾರಣೆಯಾಗಿ ಮೂರು ತಾಸು ಆಗಿರುತ್ತಿತ್ತು ಎಂಬ ಮಾತು ತಲೆಗೆ ಬಂದು ಕೂತಿತು. ಅದನ್ನು ಓಡಿಸಲು ಜೋರಾಗಿ ಪೆಡಲ್ ತುಳಿದೆ. ಅದು ಹೋಗಲಿಲ್ಲ.

ಜುಗೂಳದ ರಸ್ತೆ ಒಂದು ತಿರುವಿನಲ್ಲಿ ನೀರಿನೊಳಗೆ ಇಳಿದು ಮಾಯವಾಗಿತ್ತು. ಆಚೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಅದೇ ರಸ್ತೆ ಮತ್ತೆ ಮೇಲೆದ್ದು ಊರಿಗೆ ಹೋಗುತ್ತಿತ್ತು. ಅಕ್ಕನ ಮಗ ನೀರು ದಾಟಿ ಈಚೆ ಬಂದು, ಟ್ರ್ಯಾಕ್ಟರಿನ ಮೇಲೆ ಕೂತು ಕಾಯುತ್ತಿದ್ದ. ಇಂಜಿನ್ ಆರಿಸಿರಲಿಲ್ಲ.

‘ನೀರ ಎಷ್ಟೈತಿ?’ ಎಂದೆ.

‘ಮೊಣಕಾಲ ಮಟ ಐತ್ರಿ.’

‘ಹಂಗಾರ ನಾ ಸೈಕಲ್ ಹಿಡಕೊಂಡ ನಡಕೋತ ಬರ್ತೀನಿ. ನೀ ಮುಂದ ಹೋಗು.’

ಅವನು ಅಂದು ನನ್ನ ಮೇಲೆ ಮೊದಲ ಸಲ ದನಿ ಏರಿಸಿದ. ‘ಮಾವಶಿ, ಸೆಳವು ಐತಿ! ಒಯ್ದ ಕಬ್ಬಿನ್ಯಾಗ ಒಗೀತೈತಿ ನಿಮ್ಮನ್ನ. ಅಲ್ಲಿ ಅವ್ವ ಕಂಬಕ್ಕ ಆತು ಕುಂತಾಳ, ಎದ್ದ ನಿಂದ್ರಾಕ ಆಗವಲ್ದು. ಹತ್ತತೀರೋ ಇಲ್ಲೋ?’

ಹತ್ತಿದೆ. ನಾಲ್ಕು ದಿನ ಯಾವ ಮಳೆಗೂ ಬಿಟ್ಟುಕೊಡದ ನೇಮವನ್ನು ಒಂದು ಮಾತಿಗೆ ಬಿಟ್ಟೆ. ಸೈಕಲ್ಲನ್ನು ಟ್ರಾಲಿಗೆ ಎತ್ತಿ ಹಾಕಿ, ಅದರ ಪಕ್ಕದಲ್ಲಿ ಟ್ರಾಲಿಯ ಅಂಚು ಹಿಡಿದು ನಿಂತೆ. ಎರಡೂ ಕಡೆ ನೀರು ಸೀಳಿಕೊಂಡು ಟ್ರ್ಯಾಕ್ಟರ್ ಹೋಗುವಾಗ ಅತ್ತೆ. ವ್ರತ ಹೋ‍ಯಿತೆಂದು ಅತ್ತದ್ದಲ್ಲ. ಇಷ್ಟು ಸುಲಭವಾಗಿ ಬಿಡಬಹುದಾದದ್ದನ್ನು ನಿನ್ನೆ ಸಂಜೆ ಯಾಕೆ ಬಿಡಲಿಲ್ಲ ಎಂದು ಅತ್ತೆ.

ಅಕ್ಕ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಹಸಿರು ಸೀರೆ ಮೈಮೇಲೆ ನಿಲ್ಲದಷ್ಟು ಇಳಿದುಹೋಗಿದ್ದಳು, ತುಟಿ ಬಿರಿದಿತ್ತು. ಪಕ್ಕದಲ್ಲಿ ಬೆಳ್ಳಿ ಬಟ್ಟಲು, ಬಟ್ಟಲಿನಲ್ಲಿ ಹೆಸರುಬೇಳೆಯ ತಿಳಿ. ಬೆಳಿಗ್ಗೆಯಿಂದ ನಾಲ್ಕು ಸಲ ಹೊಸದಾಗಿ ಕಾಯಿಸಿದ್ದೇನೆ ಎಂದಳು ಸೊಸೆ. ನಾನು ಕಾಲು ತೊಳೆದು, ಬಟ್ಟೆ ಬದಲಿಸಿ ಬಂದು ಅಕ್ಕನ ಮುಂದೆ ಕೂತೆ. ಬಟ್ಟಲಿಗೆ ಕೈ ಹಾಕಲಿಲ್ಲ.

‘ಅಕ್ಕಾ, ಮೊದಲ ಹೇಳಿಬಿಡ್ತೀನಿ. ನಾ ವ್ರತ ಮುರದ ಬಂದೀನಿ. ಟ್ರ್ಯಾಕ್ಟರ್ ಹತ್ತಿದೆ. ಈ ಕೈಲೆ ಕುಡೀತಿಯೇನು?’

ಅಕ್ಕ ಕಣ್ಣು ತೆರೆದು ನನ್ನನ್ನು ನೋಡಿದಳು. ‘ಯಾವ ವ್ರತಲೇ?’

‘ಇಂಜಿನ್ ಹತ್ತೂದಿಲ್ಲಂತ ಹತ್ತು ದಿನದ ವ್ರತ.’

‘ಹತ್ತು ದಿನ’ ಎಂದು ಅವಳು ಮಡಿಲಲ್ಲಿದ್ದ ಕೈಯ ಬೆರಳು ಮಡಚಿದಳು. ಹತ್ತೂ ಬೆರಳು ಮುಗಿದವು. ‘ಇವತ್ತ ಹುಣ್ಣಿಮಿ. ಹನ್ನೊಂದನೇ ದಿನ. ನಿಂದು ನಿನ್ನೆ ಸಂಜಿಗೇ ಮುಗದೈತಿ.’

ಅಕ್ಕನ ಮಗ ನನ್ನ ಕಡೆ ನೋಡದೆ ಅಂಗಳದ ಮಳೆ ನೋಡಿದ. ನನಗೆ ಆ ಹಾಳೆ ಕಣ್ಣ ಮುಂದೆ ಬಂತು. ಮಳೆ ಬಂದಂತೆಲ್ಲ ಊಟ, ಊರು, ದಾರಿ ಎಲ್ಲವನ್ನೂ ಮುಂದೆ ತಳ್ಳಿದವಳು, ಅದರ ಜೊತೆಗೆ ವ್ರತವನ್ನೂ ಒಂದು ದಿನ ಮುಂದೆ ತಳ್ಳಿಬಿಟ್ಟಿದ್ದೆ. ಚತುರ್ದಶಿಗೇ ಮುಗಿದದ್ದನ್ನು ಜುಗೂಳ ಮುಟ್ಟಿದಾಗ ಮುಗಿಯುತ್ತದೆಂದು ನಂಬಿ, ಬೆಳಗಿನ ಜಾವದ ಜೀಪನ್ನು ಬೇಡ ಅಂದೆ. ಇಲ್ಲದ ವ್ರತಕ್ಕೆ ಅಕ್ಕನನ್ನು ಅರ್ಧ ದಿನ ಬಾಯಾರಿಸಿ ಕೂರಿಸಿದ್ದೆ. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ಪಟ್ಟದ್ದಿಲ್ಲ.

‘ತಪ್ಪಾತಕ್ಕಾ’ ಎಂದೆ. ಈ ಮಾತನ್ನು ನಾನು ಎಷ್ಟು ವರ್ಷಕ್ಕೊಮ್ಮೆ ಹೇಳುತ್ತೇನೆಂದು ಅವಳಿಗೆ ಗೊತ್ತಿತ್ತು.

ಅಕ್ಕನಿಗೆ ನಗು ಬಂತು. ನಗಲು ಶಕ್ತಿ ಇಲ್ಲದೆ ಭುಜಗಳಷ್ಟೇ ಅಲುಗಿದವು. ‘ನಂದೂ ನಿನ್ನೇನ ಮುಗದಿತ್ತಲಾ. ಮಗ ಕುಡಿ ಅಂದ, ಸೊಸಿ ಕುಡಿ ಅಂದ್ಲು. ಕುಡದಿದ್ರ ಯಾರು ಬ್ಯಾಡ ಅಂತಿದ್ರು? ತಂಗಿ ಬರ್ತಾಳ ಅಂತ ನಾನೂ ಕುಂತೆ. ಇಬ್ರೂ ಒಂದ ಹೊಟ್ಟ್ಯಾಗ ಹುಟ್ಟಿದವರು, ಏನ ಮಾಡೂದು. ಕುಡಸು ಈಗ.’

ಬಟ್ಟಲು ಎತ್ತಿದೆ. ಮೂವತ್ತೊಂದು ವರ್ಷ ಸೀಟಿ ಹಿಡಿದ ಕೈ, ನಾಲ್ಕು ದಿನ ಗಾಳಿಗೂ ನೆರೆಗೂ ಹ್ಯಾಂಡಲ್ ಬಿಡದ ಕೈ, ಆ ಸಣ್ಣ ಬಟ್ಟಲು ಹಿಡಿದು ಗಡಗಡ ನಡುಗಿತು. ಮೊದಲ ಗುಟುಕು ಅಕ್ಕನ ಗದ್ದದ ಮೇಲೆ ಚೆಲ್ಲಿ ಸೀರೆಗೆ ಇಳಿಯಿತು.

ಅಕ್ಕ ನನ್ನ ಮಣಿಕಟ್ಟನ್ನು ತನ್ನ ಎರಡೂ ಕೈಯಿಂದ ಹಿಡಿದುಕೊಂಡಳು. ನನ್ನ ಕೈಯಲ್ಲಿ ಇಲ್ಲದ ಶಕ್ತಿ ಹತ್ತು ದಿನ ಉಂಡಿರದ ಆ ಕೈಗಳಲ್ಲಿ ಇತ್ತು.

‘ಇನ್ನೊಮ್ಮಿ ಹಾಕು’ ಎಂದಳು. ‘ನಾ ಎಲ್ಲಿಗೂ ಹೋಗಾಕತ್ತಿಲ್ಲ.’